ಮುಖ ಎತ್ತು

ಹಾಬ್ ಪಿನಕ್‌ಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಲಂಡನ್ನಿನಲ್ಲಿ ಅವನಷ್ಟು ಚೆನ್ನಾಗಿ ಸಾಯುವ ನಟ ಇನ್ನೊಬ್ಬನಿರಲಿಲ್ಲ. ನಾನು, ಆಂಬ್ರೋಸ್ ಟಾಲಿ, ಶೋರ್‌ಡಿಚ್‌ನ ನಮ್ಮ ಮೇಳಕ್ಕೆ ಹನ್ನೊಂದು ನಾಟಕ ಬರೆದವನು. ಹನ್ನೊಂದರಲ್ಲೂ ಅವನ ಕೈಯಿಂದ ಯಾರನ್ನಾದರೂ ಕೊಲ್ಲಿಸಿ, ಕೊನೆಗೆ ಅವನನ್ನೂ ಕೊಂದಿದ್ದೇನೆ. ಕುರಿಯ ರಕ್ತ ತುಂಬಿದ ಚೀಲವನ್ನು ಅಂಗಿಯೊಳಗೆ, ಎಡ ಪಕ್ಕೆಲುಬಿನ ಕೆಳಗೆ ಕಟ್ಟಿಕೊಳ್ಳುವುದು ನಮ್ಮ ಪದ್ಧತಿ. ಕಠಾರಿ ಅಲ್ಲಿಗೇ ಬೀಳಬೇಕು, ಚೀಲ ಒಡೆಯಬೇಕು, ಅಂಗಳದಲ್ಲಿ ನಿಂತ ಜನ ಹೋ ಎನ್ನಬೇಕು. ಆಟ ಮುಗಿದ ಮೇಲೆ ಕೊಂದವನೇ ಸತ್ತವನಿಗೆ ಕೈ ಕೊಟ್ಟು ಎಬ್ಬಿಸಬೇಕು.

ಬೇರೆ ನಟರಿಗೆ ಅವರವರ ಮಾತು ಬರೆದ ಸುರುಳಿ ಕೊಟ್ಟರೆ ಮುಗಿಯಿತು. ಹಾಬ್‌ಗೆ ನಾನೇ ಓದಿ ಹೇಳಬೇಕಿತ್ತು. ಎರಡು ಸಲ ಕೇಳಿದರೆ ಸಾಕು, ಮತ್ತೆ ಮರೆಯುತ್ತಿರಲಿಲ್ಲ. ಅವನಿಗಿದ್ದ ಒಂದೇ ರೋಗವೆಂದರೆ ನೆಲ ನೋಡಿಕೊಂಡು ಮಾತಾಡುವುದು. ನೇಗಿಲ ಹಿಂದೆ ನಡೆದು ಬೆಳೆದವನು, ಪಾಪ. ನಾನೋ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು. "ಮುಖ ಎತ್ತೋ, ಅಟ್ಟದ ಮೇಲಿರೋರಿಗೆ ಹೇಳು," ಎಂದು ಕಿರುಚಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆ. ಸೇಬು ಎಸೆದಿದ್ದೇನೆ, ಬೂಟು ಎಸೆದಿದ್ದೇನೆ. ಒಮ್ಮೆ ಎಸೆದ ಮಸಿಕುಡಿಕೆ ಅವನ ಹುಬ್ಬು ಸೀಳಿತು. ಎರಡು ವರ್ಷಕ್ಕೆ ರೋಗ ಬಿಟ್ಟಿತು, ಮತ್ತೆ ಅವನು ರಂಗದ ಮೇಲೆ ಕೆಳಗೆ ನೋಡಿದ್ದೇ ಇಲ್ಲ. ಅದು ನನ್ನ ಸಾಧನೆಯೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬಾರ್ನಬಿ ಕ್ರೌಲ್ ನದಿಯಾಚೆಯ ಮೇಳದ ನಟ, ನನಗೂ ಅವನಿಗೂ ಎಣ್ಣೆ ಸೀಗೆಕಾಯಿ. ಸೆಪ್ಟೆಂಬರಿನ ಒಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ನಾನೂ ಹಾಬನೂ ಆಟ ಮುಗಿಸಿ ಹೆಂಡದಂಗಡಿಯಲ್ಲಿ ಕುಳಿತಿದ್ದೆವು. ಕ್ರೌಲ್ ಒಳಗೆ ಬಂದ.

"ಏನ್ ಟಾಲಿ, ಮಾತು ಸಾಲ್ದೇ ಹೋದಾಗೆಲ್ಲ ಕುರಿ ಕೊಯ್ಸ್ತೀಯಂತೆ?"

"ನಿನ್ ಆಟ ನೋಡಿದ್ರೆ ಕುರೀನೇ ಬಂದು ಕತ್ತು ಕೊಡ್ತದೆ ಕಣೋ," ಅಂದೆ.

ಅಂಗಡಿಯೆಲ್ಲ ನಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ರೌಲ್ ಕತ್ತಿ ಹಿರಿದ. ಮೊದಲ ಏಟಿಗೇ ನನ್ನ ಕಿವಿ ಹರಿದು ಜೋತಾಡಿತು. ನಾನೂ ಕತ್ತಿ ಹಿರಿದು ಅವನ ತೊಡೆಗೆ ತಿವಿದೆ. ಅವನು ಬಿಯರಿನ ತಂಬಿಗೆಯಿಂದ ನನ್ನ ಹಲ್ಲಿಗೆ ಚಚ್ಚಿ, ಬೀಳಿಸಿ, ಎದೆಯ ಮೇಲೆ ಕಾಲಿಟ್ಟು ಕತ್ತಿಯ ಮೊನೆಯನ್ನು ನನ್ನ ಗಂಟಲಿಗೆ ತಂದ. ಆಗ ಹಾಬ್ ತಟ್ಟೆಯ ಪಕ್ಕದಲ್ಲಿದ್ದ ಮಾಂಸದ ಚೂರಿ ತೆಗೆದು ಅವನ ಎಡ ಪಕ್ಕೆಲುಬಿನ ಕೆಳಗೆ ಇಳಿಸಿದ. ದಿನಾ ಹೊಡೆಯುವ ಜಾಗವೇ. ಈ ಸಲ ಅಲ್ಲಿ ಚೀಲವಿರಲಿಲ್ಲ.

ಕ್ರೌಲ್ ನನ್ನ ಮೇಲೆಯೇ ಬಿದ್ದ. ಅವನ ಬಿಸಿ ರಕ್ತ ನನ್ನ ಬಾಯಿಗೆ, ಕಣ್ಣಿಗೆ ಹರಿಯಿತು. ಅವನ ಹಿಮ್ಮಡಿಗಳು ಹಲಗೆಯ ಮೇಲೆ ಸುಮಾರು ಹೊತ್ತು ಬಡಿದುಕೊಂಡು ನಿಂತವು. ಹಾಬ್ ಬಗ್ಗಿ ಅವನ ಮುಂದೆ ಕೈ ಚಾಚಿದ.

"ಏಳು ಬಾರ್ನಬಿ," ಅಂದ.

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಹಾಬ್‌ನ ಕೈ ಹಾಗೇ ಚಾಚಿಕೊಂಡಿತ್ತು, ನಾನೇ ಅದನ್ನು ಹಿಡಿದು ಕೆಳಗಿಳಿಸಿದೆ.

ನಮ್ಮಿಬ್ಬರ ಆಯುಧವೂ ರಕ್ತದಿಂದ ಒದ್ದೆಯಾಗಿತ್ತು, ಹಾಗಾಗಿ ಇಬ್ಬರನ್ನೂ ಒಳಗೆ ಹಾಕಿದರು. ನಮ್ಮ ನಾಡಿನ ಕಾನೂನಿನಲ್ಲಿ ಓದು ಬಲ್ಲವನಿಗೆ ಒಂದು ಸಲ ಕುತ್ತಿಗೆ ಉಳಿಯುತ್ತದೆ. ಕೋರ್ಟಿನಲ್ಲಿ ಲ್ಯಾಟಿನ್ ಕೀರ್ತನೆಗಳ ಪುಸ್ತಕ ಕೈಗೆ ಕೊಡುತ್ತಾರೆ. ಪಕ್ಕದಲ್ಲಿ ನಿಂತ ಪಾದ್ರಿ 'ಓದುತ್ತಾನೆ' ಎಂದರೆ ಹೆಬ್ಬೆರಳಿಗೆ ಬರೆ ಹಾಕಿ ಬಿಡುತ್ತಾರೆ. 'ಓದುವುದಿಲ್ಲ' ಎಂದರೆ ಹಗ್ಗ. ಹೆಚ್ಚಾಗಿ ಓದಿಸುವುದು ದೇವರ ಕರುಣೆ ಬೇಡುವ ಒಂದೇ ಸಾಲನ್ನು ಎಂಬುದು ಊರಿನ ಕಳ್ಳರಿಗೆಲ್ಲ ಗೊತ್ತು. ಬಾಯಿಪಾಠ ಮಾಡಿ ಬದುಕಿಕೊಂಡವರು ಎಷ್ಟೋ ಜನ.

"ಒಂದೇ ಸಾಲಾ ಮೇಷ್ಟ್ರೇ? ನಾನ್ ಸಾಯೋವಾಗ್ ನೀವ್ ಹೇಳ್ಸೋ ಮಾತಿಗಿಂತ ಚಿಕ್ದಾಯ್ತಲ್ಲ," ಎಂದು ಹಾಬ್ ನಕ್ಕ.

ಹತ್ತು ದಿನ, ಕಾಲಿಗೆ ಸರಪಳಿ ಹಾಕಿಕೊಂಡೇ ಕಲಿಸಿದೆ. ಎಲ್ಲಿ ಉಸಿರು, ಎಲ್ಲಿ ತಡೆ, ಯಾವ ಪದಕ್ಕೆ ದನಿ ನಡುಗಬೇಕು, ಎಲ್ಲ ಹೇಳಿದೆ. ಪುಸ್ತಕ ತಲೆಕೆಳಗಾಗದಂತೆ ಸಾಲಿನ ಮೊದಲ ದೊಡ್ಡಕ್ಷರದ ಮೇಲೆ ಹೆಬ್ಬೆರಳಿಡುವುದನ್ನೂ ತೋರಿಸಿದೆ. ಅವನ ಜೀವ ಉಳಿಸುತ್ತೇನೆಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕೋರ್ಟಿನಲ್ಲಿ ಮೊದಲು ನನ್ನ ಸರದಿ. ಪುಸ್ತಕದ ಮೇಲೆ ಬಗ್ಗಿ ಗೊಣಗಿದೆ, ಪಾದ್ರಿ ಆಕಳಿಸುತ್ತ 'ಓದುತ್ತಾನೆ' ಎಂದ. ಎಡಗೈಯನ್ನು ಕಟಕಟೆಗೆ ಬಿಗಿದು ಕೆಂಪಗೆ ಕಾದ ಕಬ್ಬಿಣ ಒತ್ತಿದರು. ಹೆಬ್ಬೆರಳ ಮಾಂಸ ಚುರ್ ಎಂದಿತು. ಆ ವಾಸನೆಗೆ ನನಗೆ ಹಸಿವಾಯಿತು ಎಂದರೆ ನಂಬಬೇಕು.

ಆಮೇಲೆ ಹಾಬ್. ಪುಸ್ತಕ ತೆಗೆದುಕೊಂಡ, ಹೆಬ್ಬೆರಳನ್ನು ಸರಿಯಾದ ಜಾಗದಲ್ಲಿಟ್ಟ. ಕೋರ್ಟಿನ ಅಟ್ಟದಲ್ಲಿ ಜನ ಕಿಕ್ಕಿರಿದಿದ್ದರು, ಅರ್ಧಕ್ಕರ್ಧ ಅವನ ಆಟ ನೋಡಿದವರೇ. ಅವನು ಎದೆ ತುಂಬ ಉಸಿರೆಳೆದು, ಮುಖ ಎತ್ತಿ, ಆ ಅಟ್ಟವನ್ನೇ ನೋಡುತ್ತ ಆ ಸಾಲನ್ನು ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ. ಮೇಲೆ ಒಬ್ಬ ಹೆಂಗಸು ಬಿಕ್ಕಿದಳು.

"ಪುಸ್ತಕ ಕೈಯಲ್ಲಿತ್ತು ಸರಿ," ಅಂದರು ನ್ಯಾಯಾಧೀಶರು. "ಕಣ್ಣೆಲ್ಲಿತ್ತಪ್ಪ? ಮುಂದಿನ ಸಾಲು ಓದು ನೋಡೋಣ."

ಹಾಬ್ ಪುಟ ನೋಡಿದ. ಆಮೇಲೆ, ಮಾತು ಮರೆತ ನಟರು ಪರದೆಯ ಕಡೆ ನೋಡುವ ಹಾಗೆ, ನನ್ನ ಕಡೆ ನೋಡಿದ. ನಾನು ಪಿಸುಗುಟ್ಟಲು ಬಾಯಿ ತೆರೆದೆ. ಕಾವಲಿನವನ ದೊಣ್ಣೆ ಬಾಯಿಗೇ ಬಿತ್ತು, ಅಲ್ಲಾಡುತ್ತಿದ್ದ ಹಲ್ಲುಗಳು ನಾಲಿಗೆಯ ಮೇಲೆ ಉದುರಿದವು. ರಕ್ತ ಉಗುಳಿ ಇನ್ನೊಮ್ಮೆ ಪ್ರಯತ್ನಿಸುವಷ್ಟರಲ್ಲಿ ಪಾದ್ರಿ ತನ್ನ ಮಾತು ಹೇಳಿಯಾಗಿತ್ತು.

ಗಲ್ಲಿಗೇರಿಸುವ ಜಾಗ ಟೈಬರ್ನಿನಲ್ಲಿ ಅವನನ್ನು ಗಾಡಿಯ ಮೇಲೆ ನಿಲ್ಲಿಸಿ ಕೊರಳಿಗೆ ಹಗ್ಗ ಹಾಕಿದರು. ಕೊನೆಯ ಮಾತು ಆಡುವ ಹಕ್ಕು ಎಲ್ಲರಿಗೂ ಇದೆ. ಹಾಬ್ ನೆಲ ನೋಡಿಕೊಂಡು ಏನೋ ಗೊಣಗಿದ. ಹಿಂದಿನಿಂದ ಯಾವುದೋ ಕಾಡುಬೀಜ ಜಗಿಯುತ್ತಿದ್ದವನೊಬ್ಬ ಕೂಗಿದ.

"ಕೇಳಿಸ್ತಿಲ್ಲ ಕಣೋ, ಮುಖ ಎತ್ತು!"

ಹಾಬ್ ಥಟ್ಟನೆ ಮುಖ ಎತ್ತಿದ. ಆಗಲೇ ಕುದುರೆಗೆ ಚಾಟಿ ಬಿತ್ತು, ಗಾಡಿ ಅವನ ಕಾಲಡಿಯಿಂದ ಸರಿಯಿತು.

ಕುತ್ತಿಗೆ ಮುರಿಯಲಿಲ್ಲ. ಮುಖ ನೀಲಿಯಾಗಿ, ನಾಲಿಗೆ ಹೊರಬಂದು, ಕಾಲು ಒದ್ದಾಡುತ್ತಲೇ ಇತ್ತು. ಹಾಗಾದಾಗ ಬೇಗ ಮುಗಿಸುವುದು ನೆಂಟರ ಕೆಲಸ, ಅವನಿಗೆ ನೆಂಟರಿರಲಿಲ್ಲ. ನಾನೇ ಹೋಗಿ ಎರಡೂ ಕಾಲು ತಬ್ಬಿ, ನನ್ನ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದೆ. ಮೂಳೆ ಮುರಿದ ಸದ್ದು ನನ್ನ ಕೆನ್ನೆಗೆ ತಾಗಿತು.

ಹಗ್ಗ ಕೊಯ್ದು ಅವನನ್ನು ಹುಲ್ಲಿನ ಮೇಲೆ ಮಲಗಿಸಿದರು. ಹೆಬ್ಬೆರಳು ಸುಟ್ಟ ನನ್ನ ಕೈ ತಾನಾಗಿಯೇ ಅವನ ಮುಂದೆ ಚಾಚಿತು. ಅದನ್ನು ಹಿಡಿದು ಕೆಳಗಿಳಿಸುವವರು ಯಾರೂ ಇರಲಿಲ್ಲ.