ಹಿಂಬದಿಯ ಹಾಡಿಗೆ ಹನ್ನೊಂದು ಕರೆ

ಜಪಾನಿನ ಸಪ್ಪೊರೊ ನಗರದ ಒಂದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕುರಮೊಚಿ ತಿಂಗಳಿಗೊಮ್ಮೆ ಕೂರುತ್ತಿದ್ದ. ತಲೆಯ ಮೇಲೆ ಕತ್ತರಿಸಲು ಉಳಿದದ್ದೆಷ್ಟು ಅನ್ನಿ! ಆದರೂ ಬರುತ್ತಿದ್ದ. ಬರದಿದ್ದರೆ ಮನಸ್ಸು ಚುಚ್ಚುತ್ತಿತ್ತು, ಬಂದರೆ ಇನ್ನೂ ಹೆಚ್ಚು ಚುಚ್ಚುತ್ತಿತ್ತು. ಅಂಗಡಿ ಸಗಿಸಾಕನದು. ಐವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ಗಾಯಕರ ತಂಡದಲ್ಲಿ, ಒಂದೇ ಬಣ್ಣದ ಕೋಟು ತೊಟ್ಟು, ಕ್ಯಾಬರೆಗಳಲ್ಲಿ ಹಾಡಿದವರು.

ಆ ತಂಡದ ಒಂದೇ ಒಂದು ಹಾಡು ಜನರ ಬಾಯಿಗೆ ಹತ್ತಿತ್ತು. ಬಂದರಿನಲ್ಲಿ ಬಿಟ್ಟುಬಂದ ಹೆಣ್ಣಿನ ನೆನಪು, ಜೊತೆಗೆ ಮರಾಕಾಸ್ ಗಿಲಕಿಯ ಜಲ್ ಜಲ್. ಕ್ಯೂಬಾ ಎಲ್ಲಿದೆಯೆಂದು ನಕ್ಷೆಯಲ್ಲೂ ನೋಡದವರು ಅಲ್ಲಿನ ಪ್ರೇಮಗೀತೆಯ ಧಾಟಿಯಲ್ಲಿ ಕಟ್ಟಿದ ಬೊಲೆರೊ. ಅದರ ನಡುವಿನ ಎರಡು ಸಾಲನ್ನು ಒಬ್ಬನೇ ಹಾಡಿದವನು ಕುರಮೊಚಿ. ಅದೇ ರೆಕಾರ್ಡಿನ ಹಿಂಬದಿಯಲ್ಲಿದ್ದ ಹಾಡು ಸಗಿಸಾಕ ಬರೆದದ್ದು.

ಬಾರುಗಳಿಗೆಲ್ಲ ತಂತಿಯ ಮೂಲಕ ಹಾಡು ಕಳಿಸುವ ಕೇಂದ್ರವೊಂದಿತ್ತು. ರೆಕಾರ್ಡು ಹೊರಬಂದ ವಾರ ಅಲ್ಲಿಗೆ ಎರಡರಲ್ಲಿ ಯಾವ ಹಾಡು ಬೇಕೆಂದು ಹೆಚ್ಚು ಕರೆ ಬರುತ್ತದೋ ಅದಕ್ಕೇ ಪ್ರಚಾರ ಕೊಡುತ್ತೇವೆ ಎಂದರು ರೆಕಾರ್ಡ್ ಕಂಪನಿಯವರು. ಹಾಡುಗಾರರೇ ದನಿ ಬದಲಿಸಿ, ಬೀದಿ ಫೋನಿನಿಂದ ತಮ್ಮ ಹಾಡು ಬೇಕೆಂದು ತಾವೇ ಕೇಳುವುದು ಆಗ ಎಲ್ಲ ತಂಡಗಳಲ್ಲೂ ಇದ್ದದ್ದೇ. ಸಗಿಸಾಕನಿಗೆ ನಾಚಿಕೆ. ಕುರಮೊಚಿಯ ಕೈ ಹಿಡಿದು, ನನ್ನ ಹಾಡಿಗೆ ನೀನು ಕರೆ ಮಾಡು ಎಂದು ಬೇಡಿಕೊಂಡ. ಇವನು ಆಯ್ತು ಅಂದ. ಅಂದವನು ಹೋಗಿ, ಹೆಣ್ಣುದನಿ ಮಾಡಿ, ವಾರವಿಡೀ ಕೇಳಿದ್ದು ಮುಂಬದಿಯ ಹಾಡನ್ನು. ಅದರಲ್ಲಿ ತನ್ನ ಎರಡು ಸಾಲಿತ್ತಲ್ಲ! ಥೂ, ಎಂಥ ಆಸೆ. ತಂಡದ ಉಳಿದವರೂ ಅದಕ್ಕೇ ಕರೆ ಮಾಡಿದರು.

ವಾರದ ಕೊನೆಗೆ ಹಿಂಬದಿಯ ಹಾಡಿಗೆ ಬಂದಿದ್ದು ಹನ್ನೊಂದೇ ಕರೆ. ಹನ್ನೊಂದೂ ಗೆಳೆಯನದೇ ಎಂದುಕೊಂಡ ಸಗಿಸಾಕ, ಹೊರಗಿನ ಒಂದು ನರಪಿಳ್ಳೆಗೂ ತನ್ನ ಹಾಡು ಬೇಡವೆಂದು ತೀರ್ಮಾನಿಸಿ, ತಂಡ ಬಿಟ್ಟು ಕತ್ತರಿ ಹಿಡಿದ. ಕುರಮೊಚಿ ಬಾಯಿ ಬಿಡಲಿಲ್ಲ.

ಇವತ್ತು ಅವನ ಗಲ್ಲಕ್ಕೆ ನೊರೆ ಹಚ್ಚುತ್ತಾ ಸಗಿಸಾಕ, ಈ ತಿಂಗಳಿಗೆ ಅಂಗಡಿ ಮುಚ್ಚುತ್ತೇನೆ ಎಂದ. ಮೂಲೆಯಲ್ಲಿ ಕಸಕ್ಕೆಂದು ಕಟ್ಟಿಟ್ಟ ಕಾಗದಗಳಿದ್ದವು. ಎಲ್ಲಕ್ಕಿಂತ ಮೇಲೆ ಸಗಿಸಾಕ ತನ್ನ ಹಾಡುಗಳನ್ನು ಬರೆದಿಟ್ಟ ಪುಸ್ತಕ.

"ಇಟ್ಕೊಂಡು ಏನ್ ಮಾಡ್ಲಿ ಹೇಳು? ಬೇಕು ಅಂದೋನು ನೀನೊಬ್ನೇ. ಹನ್ನೊಂದು ಸಲ ಹೆಂಗಸ್ರ ಥರ ಉಲಿದ್ಯಲ್ಲೋ, ಆ ಉಪಕಾರ ನಾನು ಮರ್ಯಲ್ಲ."

ಪ್ರತಿ ತಿಂಗಳೂ ಇದೇ ಮಾತು. ಕುರಮೊಚಿ ಮೂಲೆಯ ಕಾಗದದ ಕಟ್ಟಿನತ್ತ ನೋಡಿದ. ಸುಮ್ಮನಿದ್ದರೆ ಗೆಳೆತನ ಉಳಿಯುತ್ತದೆ, ಪುಸ್ತಕ ಕಸಕ್ಕೆ ಹೋಗುತ್ತದೆ.

"ನಾನು ಮಾಡ್ಲಿಲ್ಲ ಕಣೋ," ಎಂದ. "ಒಂದು ಸಲಾನೂ ನಿನ್ನ ಹಾಡು ಕೇಳ್ಲಿಲ್ಲ. ನನ್ನದನ್ನೇ ಕೇಳ್ದೆ."

ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬಂದಿದ್ದ ಕತ್ತಿ ಅಲ್ಲೇ ನಿಂತಿತು.

"ಹಾಗಾದ್ರೆ ಆ ಹನ್ನೊಂದು ಕರೆ ಯಾರ್ದು?"

"ಯಾರೋ. ನಿಜವಾಗ್ಲೂ ಕೇಳ್ಬೇಕು ಅನ್ನಿಸ್ದೋರು."

ಕನ್ನಡಿಯಲ್ಲಿ ಸಗಿಸಾಕನ ಮುಖ ನಿಧಾನವಾಗಿ ಅರಳಿತು. ಅಬ್ಬ, ಕ್ಷಮಿಸಿಬಿಟ್ಟ ಎಂದುಕೊಂಡ ಕುರಮೊಚಿ. ಆದರೆ ಆ ನಗು ಹಾಗೇ ಇಳಿದುಹೋಯಿತು. ಸಗಿಸಾಕ ಕತ್ತಿ ಮಡಚಿಟ್ಟು, ಉಳಿದ ನೊರೆಯನ್ನು ಬಿಸಿ ಬಟ್ಟೆಯಿಂದ ಮೆಲ್ಲಗೆ ಒರೆಸಿದ.

"ಐವತ್ತು ವರ್ಷ ನನ್ನ ಕೈಲಿ ಥ್ಯಾಂಕ್ಸ್ ಹೇಳಿಸ್ಕೊಂಡ್ಯಲ್ಲೋ," ಎಂದ. "ಒಂದು ಕಡೆ ಗಡ್ಡ ಹಾಗೇ ಇದೆ. ಬೇರೆ ಎಲ್ಲಾದ್ರೂ ಹೋಗಿ ತೆಗೆಸ್ಕೋ."