ಖಾಲಿ ಜಾಗದ ಅಚ್ಚು

ನನ್ನ ಮಾವನವರು ಮನುಷ್ಯರ ಮುಖ ನೋಡಿ ಮಾತನಾಡುವುದಿಲ್ಲ, ಬಾಯಿ ನೋಡಿ ಮಾತನಾಡುತ್ತಾರೆ. ಅವರ ಮಗಳನ್ನು ಮದುವೆಯಾಗುವ ಇಚ್ಛೆಯನ್ನು ನಿವೇದಿಸಿಕೊಳ್ಳಲು ನಾನು ಮೊದಲ ಸಲ ಅವರ ಮನೆಗೆ ಹೋದಾಗ, ಬೆವರುತ್ತ ಕುಳಿತಿದ್ದ ನನ್ನ ವಿದ್ಯೆ, ಉದ್ಯೋಗ ಯಾವುದನ್ನೂ ವಿಚಾರಿಸದೆ, "ಎಡಗಡೆ ಕೆಳಗೆ ಒಂದು ದವಡೆ ಹಲ್ಲಿಲ್ಲ ಅಲ್ವಾ? ಬಲಗಡೇಲೇ ಅಗಿದು ಅಗಿದು ಅಭ್ಯಾಸ ಆಗಿದೆ ನಿಮ್ಗೆ" ಎಂದಿದ್ದರು. ಇದು ಒಪ್ಪಿಗೆಯೋ ತಿರಸ್ಕಾರವೋ ತಿಳಿಯದೆ ತಬ್ಬಿಬ್ಬಾದೆ. ಅವರು ಹೇಳಿದ ದಂತವೈದ್ಯರ ಬಳಿ ಹೋದೆ; ಮಾವನವರೇ ಕೈಯಾರೆ ಮಾಡಿದ ಹಲ್ಲೊಂದು ಆ ಖಾಲಿ ಜಾಗದಲ್ಲಿ ಬಂದು ಕುಳಿತ ಮೇಲೆಯೇ ಸಂಬಂಧ ಕೂಡಿಬಂತೆಂದು ನನಗೆ ಖಾತ್ರಿಯಾದದ್ದು.

ಹಲ್ಲು ಕಟ್ಟುವುದು ಅವರ ವೃತ್ತಿ. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಮಾವನವರು ಮನೆಯ ಮುಂದಿನ ಕೋಣೆಯಲ್ಲಿ, ಮೇಣದ ಕಲೆಗಳಿಂದ ತನ್ನ ಮೂಲವರ್ಣವನ್ನೇ ಮರೆತಿರುವ ಕೋಟೊಂದನ್ನು ತೊಟ್ಟು ಕುಳಿತು, ಆ ಅಚ್ಚಿಗೆ ಒಪ್ಪುವ ಹಲ್ಲನ್ನು ಸೃಷ್ಟಿಸುತ್ತಾರೆ. ಬೀದಿಯಲ್ಲಿ ನಡೆಯುವಾಗಲೂ ಕತ್ತು ಕೊಂಚ ಮುಂದೆ ಬಾಗಿ, ಎದುರಿಗೆ ಬರುವವರೆಲ್ಲ ಈಗಲೋ ಆಗಲೋ ಬಾಯಿ ತೆರೆಯುತ್ತಾರೆಂದು ಕಾದಿರುವವರಂತೆ ಕಾಣುತ್ತಾರೆ. "ಮೊದಲು ಜಾಗ, ಆಮೇಲೆ ಹಲ್ಲು" ಎಂಬುದು ಅವರ ತಾರಕಮಂತ್ರ. ಮನೆಯಲ್ಲಿ ಏನು ಮುರಿದರೂ ಕಳೆದರೂ, ಹೊಸದನ್ನು ತರುವ ಮೊದಲು ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟನ್ನು ನಾದಿ, ಅದು ಇದ್ದ ಜಾಗಕ್ಕೆ ಒತ್ತಿಬಿಡುತ್ತಾರೆ. ನಲ್ಲಿಯ ತಿರುಪು ಕೂಡ ಈ ಮರ್ಯಾದೆಯಿಂದ ತಪ್ಪಿಸಿಕೊಂಡಿಲ್ಲ. ಅತ್ತೆಯವರು ಮಾತ್ರ ತಮ್ಮ ಕನ್ನಡಕದ ಹತ್ತಿರಕ್ಕೆ ಆ ಹಿಟ್ಟನ್ನು ಬರಗೊಡುವುದಿಲ್ಲ.

ಇಂಥವರ ಕೈ ನಡುಗತೊಡಗಿತು. ಮೇಣದ ಮೇಲೆ ಚೂರಿ ಕೂದಲೆಳೆಯಷ್ಟು ಜಾರಿದರೂ ಅರ್ಧ ದಿನದ ಕೆಲಸ ಕೆಟ್ಟಂತೆ. ಕಟ್ಟಿ ಕಳಿಸಿದ ಹಲ್ಲುಗಳು ಹಿಂದಿರುಗಿ ಬರತೊಡಗಿದಾಗ ಅವರು ಊಟದ ಹೊತ್ತಿನಲ್ಲೂ ಮಾತು ಬಿಟ್ಟರು. ಕಾಲ ಬೇರೆ ಬದಲಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆಯೇ ಹಲ್ಲನ್ನು ರೂಪಿಸಿ ಕಳಿಸಿದರೆ ಯಂತ್ರವೇ ಅದನ್ನು ಕಡೆದುಕೊಡುವ ಪದ್ಧತಿ ಬಂದಿತ್ತು. ಮಾವನವರು ಆ ವಯಸ್ಸಿನಲ್ಲಿ ಹಟ ಹಿಡಿದು ಅದನ್ನು ಕಲಿತರು. ಆದರೆ ಹಲ್ಲಿದ್ದಾಗ ಕಡಲೆಯಿಲ್ಲ ಎಂಬಂತೆ, ವಿದ್ಯೆ ಕೈಗೆ ಬಂದಾಗ ಕಂಪ್ಯೂಟರ್ ಕೈಕೊಟ್ಟಿತು. ನಾವು ಕೊಟ್ಟಿದ್ದ ಹಳೆಯ ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಹಲ್ಲು ಅರ್ಧ ತಿರುಗಿ, ಮುನಿಸಿಕೊಂಡ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಅವರನ್ನು ಬಹುಕಾಲದಿಂದ ಬಲ್ಲ ವೈದ್ಯೆಯೊಬ್ಬರು ಒಂದೇ ಒಂದು ದವಡೆ ಹಲ್ಲಿನ ಕ್ಯಾಪಿನ ಕೆಲಸ ಕೊಟ್ಟು, "ಇದನ್ನ ಕಂಪ್ಯೂಟರಲ್ಲೇ ಮಾಡಿ ಕಳ್ಸಿ. ಸರಿಹೋದ್ರೆ ಮುಂದುವರಿಸೋಣ" ಎಂದರು. ಸರಿಹೋಗದಿದ್ದರೆ ಮುಂದಿನ ಕೋಣೆಯ ಬಾಗಿಲು ಮುಚ್ಚಿದಂತೆಯೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪರದೆಯ ಚಿತ್ರ ತಡೆಯಿಲ್ಲದೆ ತಿರುಗಲು ಬೇಕಾಗಿದ್ದದ್ದು ಒಂದು ಗ್ರಾಫಿಕ್ಸ್ ಕಾರ್ಡ್. ನಾನು ಹೋದಾಗ ಮಾವನವರು ಕಂಪ್ಯೂಟರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಪಕ್ಕದ ಮುಚ್ಚಳ ಬಿಚ್ಚಿ, ಮದರ್‌ಬೋರ್ಡಿನಲ್ಲಿ ಕಾರ್ಡು ಸಿಗಿಸುವ ಉದ್ದನೆಯ ಸ್ಲಾಟೊಂದಕ್ಕೆ ಗುಲಾಬಿ ಹಿಟ್ಟನ್ನು ಒತ್ತುತ್ತಿದ್ದರು.

"ಮಾವ, ಏನ್ ಮಾಡ್ತಿದ್ದೀರಿ?"

"ಅಂಗಡಿಯವ್ರು ಯಾವ ಸ್ಲಾಟು ಅಂತ ಕೇಳ್ತಾರೆ, ಅಳಿಯಂದ್ರೇ. ಬಾಯಲ್ಲಿ ಹೇಳೋಕೆ ಹೋದ್ರೆ ತಪ್ಪಾಗುತ್ತೆ. ಅಚ್ಚು ಸುಳ್ಳು ಹೇಳಲ್ಲ."

ಬಿಡಿಭಾಗಗಳ ಅಂಗಡಿಯ ಒಡತಿ ಆ ಅಚ್ಚನ್ನು ನೋಡಿ ನಗುತ್ತಾಳೆಂದು ನಾನು ನಾಚಿಕೆಯಿಂದ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದೆ. ಆಕೆ ನಕ್ಕಳು ನಿಜ, ಆದರೆ ಅದನ್ನು ದೀಪದ ಕೆಳಗೆ ಹಿಡಿದು ಹಿಂದೆ ಮುಂದೆ ತಿರುಗಿಸಿಯೂ ನೋಡಿದಳು. "ಉದ್ದ ಸರಿಯಾಗಿದೆ ಸರ್. ಆದ್ರೆ ಒಳಗಿನ ಗೆರೆಗಳು ಇಲ್ಲಿ ತನಕ ಮಾತ್ರ ಮೂಡಿವೆ ನೋಡಿ, ಮುಂದೆಲ್ಲಾ ನುಣ್ಣಗಿದೆ. ಈ ಸ್ಲಾಟಿಗೆ ಸಂಪರ್ಕ ಇರೋದು ಕಾಲು ಭಾಗ ಅಷ್ಟೆ. ಕಾರ್ಡ್ ಕೂರುತ್ತೆ, ಪೂರ್ತಿ ವೇಗದಲ್ಲಿ ಕೆಲ್ಸ ಮಾಡಲ್ಲ. ಇದಕ್ಕಿಂತ ಮೇಲೆ, ಪ್ರೊಸೆಸರ್ ಹತ್ರ, ಇನ್ನೊಂದು ಉದ್ದದ್ದು ಇರ್ಬೇಕಲ್ಲ?"

ಇತ್ತು. ವೈರುಗಳ ಮರೆಯಲ್ಲಿದ್ದ ಅದನ್ನು ಬಿಟ್ಟು, ಕೈಗೆ ಸುಲಭವಾಗಿ ಸಿಕ್ಕಿದ್ದಕ್ಕೆ ಮಾವನವರು ಹಿಟ್ಟು ಒತ್ತಿದ್ದರು. ಜೀವಮಾನವೆಲ್ಲ ಅಚ್ಚುಗಳ ನಡುವೆ ಬಾಳಿದವರು ತಪ್ಪು ಹಲ್ಲಿನ ಅಚ್ಚು ತೆಗೆದಿದ್ದರು. ಅವರು ಕುಗ್ಗಿಹೋಗುತ್ತಾರೆಂದು ನಾನು ಅಂಜಿದೆ, ಅವರೋ ಅಚ್ಚನ್ನು ಕಣ್ಣಿನ ಹತ್ತಿರ ತಂದು, "ಅಂದ್ರೆ ಹೊರಗೆ ದವಡೆ ದೊಡ್ಡದು, ಒಳಗೆ ಬೇರಿಲ್ಲ" ಎಂದು ಮೆಚ್ಚಿಗೆಯಿಂದ ತಲೆದೂಗಿ, "ಹೊಸ ಕಾರ್ಡ್ ದಪ್ಪ ಎಷ್ಟಮ್ಮಾ? ಪಕ್ಕದ ಹಲ್ಲಿಗೆ ತಾಗಬಾರದು" ಎಂದು ಆಕೆಯ ಜೊತೆ ಚರ್ಚೆಗೆ ನಿಂತರು. ಆಕೆಯೂ ಸರಿಸಮನಾಗಿ ನಿಂತು, ಸ್ಲಾಟಿನಿಂದಲೇ ವಿದ್ಯುತ್ ಪಡೆಯುವ ತೆಳ್ಳನೆಯ ಕಾರ್ಡೊಂದನ್ನು ಹುಡುಕಿದಳು. ಕೊಡುವ ಮೊದಲು, ಮೇಲಿನ ಸ್ಲಾಟಿನ ಫೋಟೋ ತೆಗೆದು ತೋರಿಸಬೇಕೆಂದೂ, ಹಿಟ್ಟನ್ನು ದಯವಿಟ್ಟು ಮನೆಯಲ್ಲೇ ಬಿಡಬೇಕೆಂದೂ ಷರತ್ತು ಹಾಕಿದಳು.

ಮನೆಯಲ್ಲಿ ಅವರು ವೈರುಗಳನ್ನು ಸರಿಸಿ, ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಇಳಿಬಿಟ್ಟು, ಗೆರೆಗಳು ಈ ತುದಿಯಿಂದ ಆ ತುದಿಯವರೆಗೂ ಇರುವುದನ್ನು ಖಚಿತಪಡಿಸಿಕೊಂಡರು. ಫೋಟೋ ನೋಡಿ ಅಂಗಡಿಯಾಕೆ ಒಪ್ಪಿದಳು, ಕಾರ್ಡ್ ಬಂತು. ಕೂರಿಸುವಾಗ ಕೈ ನಡುಗುವುದನ್ನು ನೋಡಲಾರದೆ ನಾನು ಮುಂದೆ ಬಂದೆ. "ಬೇಡ" ಎಂದರು. ಮಣಿಕಟ್ಟನ್ನು ಪೆಟ್ಟಿಗೆಯ ಅಂಚಿಗೆ ಊರಿ, ನಡುಕ ತಗ್ಗುವವರೆಗೆ ಕಾದು, ಎರಡು ಹೆಬ್ಬೆರಳುಗಳಿಂದ ಸಮನಾಗಿ ಒತ್ತಿದರು. ತುದಿಯ ಚಿಲಕ ಟಕ್ಕೆಂದು ಬಿದ್ದಿತು.

ಪರದೆಯ ಮೇಲೆ ಹಲ್ಲು ಸರಾಗವಾಗಿ ತಿರುಗಿತು. ಕೆಲಸಕ್ಕೆ ಕುಳಿತ ಸ್ವಲ್ಪ ಹೊತ್ತಿಗೆ ಕೈ ಜಾರಿ, ಹಲ್ಲಿನ ಅಂಚು ಸೊಟ್ಟಗಾಯಿತು. ಅವರು ಒಂದು ಗುಂಡಿ ಒತ್ತಿ ಅದನ್ನು ಹಿಂದಿನಂತೆಯೇ ಮಾಡಿ, ಪುನಃ ಎಳೆದರು. ಪುನಃ ಜಾರಿತು, ಪುನಃ ಸರಿಪಡಿಸಿದರು. "ಮೇಣ ಇಷ್ಟೊಂದು ಕರುಣೆ ತೋರಿಸ್ತಿರ್ಲಿಲ್ಲ" ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು. ಕ್ಯಾಪನ್ನು ರೋಗಿಗೆ ಕೂರಿಸಿದ ದಿನ ವೈದ್ಯೆ ಫೋನ್ ಮಾಡಿ, "ಕೂರಿಸೋಕೆ ಒಂಚೂರೂ ಉಜ್ಜಬೇಕಾಗ್ಲಿಲ್ಲ. ಇನ್ನೆರಡು ಕಳಿಸ್ತಿದ್ದೀನಿ" ಎಂದರು. ಮಾವನವರು ಅಡುಗೆಮನೆಗೆ ಹೋಗಿ ಅದನ್ನು ಅತ್ತೆಯವರಿಗೆ ಹೇಳಿ ಬಂದು, ಕೋಟು ತೊಟ್ಟುಕೊಂಡರು.

ಹಟಮಾರಿಗಳೆಂದು ನಾವು ನಗೆಯಾಡುವ ಈ ಜಾತಿಯ ಜನ ಎಲ್ಲ ವೃತ್ತಿಗಳಲ್ಲೂ ಇರುತ್ತಾರೆ. ಪರರ ಕೊರತೆಗಳನ್ನು ತುಂಬುತ್ತ ಬಾಳಿದ ಇವರು, ತಮಗೇ ಒಂದು ಕೊರತೆ ಒದಗಿದಾಗ ಅದನ್ನೂ ಒಂದು ಖಾಲಿ ಜಾಗವೆಂದೇ ಬಗೆದು, ನಾಚದೆ ಅದರ ಅಳತೆ ತೆಗೆದು, ಅಲ್ಲಿಗೆ ಏನನ್ನಾದರೂ ಕಟ್ಟಿ ಕೂರಿಸುತ್ತಾರೆ. ಕಟ್ಟಿದ್ದು ಹುಟ್ಟುಹಲ್ಲಿಗೆ ಸಾಟಿಯಲ್ಲವೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅದರಲ್ಲಿ ಅಗಿಯಬಹುದು.