ಕೋಳಿಗೆ ಸಾಲದ ಹಗಲು

“ಮೂರನೇ ಕ್ಲಾಸಿಗೇ ಸ್ಕೂಲು ಬುಟ್ಟೋನ ಕೈಗೆ ಕೊಟ್ಟೆ ನೋಡ್ರಪ್ಪಾ, ಈಗ ಕೋಳಿಗಳೂ ಮೊಟ್ಟೆ ಇಕ್ಕೋದು ಬುಟ್ಟವೆ,” ಎಂದ ಪಟೇಲ ಕೆಂಪಯ್ಯ. ಹೊಂಗನೂರಿನ ಅರಳಿಕಟ್ಟೆ ತುಂಬ ಜನ. ಎಲ್ಲರೂ ನಕ್ಕರು. ಅವನ ಹೊಲದಲ್ಲಿ ಕೂಲಿ ಮಾಡುವವರು ಇನ್ನೂ ಸ್ವಲ್ಪ ಜಾಸ್ತಿ ನಕ್ಕರು.

ಚೆಲುವಯ್ಯ ಹಲ್ಲು ಕಚ್ಚಿ ನಿಂತ. ಬೆಂಗಳೂರಿನಿಂದ ತರಿಸಿದ ಬಿಳಿ ಜಾತಿಕೋಳಿಗಳನ್ನೂ ಒಂದು ಹುಂಜವನ್ನೂ ಪಟೇಲ ಅವನಿಗೆ ಪಾಲಿಗೆ ಸಾಕಲು ಕೊಟ್ಟಿದ್ದ. ಮರಿಯಾದರೆ ಅರ್ಧ ಚೆಲುವಯ್ಯನದು.

“ಸಂಕ್ರಾಂತಿಗೆ ಮೊಟ್ಟೆ ಕಾಣ್ದಿದ್ರೆ ನಮ್ಮನೇಲಿ ಮುದ್ದೆ, ಕೋಳಿಸಾರು,” ಎಂದು ಪಟೇಲ ತುಟಿ ಒರೆಸಿಕೊಂಡ.

ತಪ್ಪು ಅವ್ವನದು. ಬೋರಮ್ಮ ಜೀವಮಾನವೆಲ್ಲ ಸಾಕಿದ್ದು ರೇಷ್ಮೆಹುಳ. ಬೆಲೆಬಾಳುವ ಬಿಳಿ ಜೀವ ಯಾವುದೇ ಆಗಲಿ, ಅವಳಿಗೆ ಹುಳವೇ. ಕೋಳಿಗಳನ್ನು ಪಟೇಲನ ಹಿತ್ತಿಲಿಗೆ ಒತ್ತಿಕೊಂಡಿದ್ದ ಹುಳದ ಮನೆಗೆ ಸೇರಿಸಿ ಕಿಟಕಿಗೆ ಗೋಣಿ ಕಟ್ಟಿದ್ದಳು, ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದ್ದಳು. ಘಾಟು ಆಗದೆಂದು ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದ್ದಳು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಮಗ ಮೊಟ್ಟೆ ಎಲ್ಲಿ ಎಂದರೆ, “ಮೂರನೇ ಜ್ವರಕ್ಕೆ ಕೂತವೆ ಕಣ್ಲಾ, ಎದ್ಮೇಲೆ ಇಕ್ತವೆ,” ಎನ್ನುತ್ತಿದ್ದಳು, ಪಿಸುಮಾತಿನಲ್ಲಿ.

ಗೊಂಬೆಗೆ ಹಾಲೆಮರ ಕೊಳ್ಳಲು ಚನ್ನಪಟ್ಟಣದಿಂದ ಬಂದ ತಾಜ್ ಪಾಷಾ ಒಳಗೆ ಇಣುಕಿ ನಕ್ಕುಬಿಟ್ಟ. “ಕೋಳಿ ಮೊಟ್ಟೆ ಇಕ್ಕೋದು ಬೆಳಕು ನೋಡ್ಕೊಂಡು ಚೆಲುವಣ್ಣ. ಹಗಲು ಉದ್ದ ಆದ್ರೆ ಇಕ್ತೈತೆ, ಗಿಡ್ಡ ಆದ್ರೆ ನಿಲ್ಲಿಸ್ತೈತೆ. ಚಳಿಗಾಲದ ಹಗಲೇ ಗಿಡ್ಡ, ಅದನ್ನೂ ನಿಮ್ಮವ್ವ ಗೋಣೀಲಿ ಮುಚ್ಚವ್ಳೆ. ಬೆಂಗಳೂರು ದಂಡಿನಾಗೆ ಬಿಳಿ ದೊರೆಗಳು ಗೂಡಿಗೆ ದೀಪ ಹಚ್ತಾರಂತೆ.”

ಚೆಲುವಯ್ಯ ಗೋಣಿ ಕಿತ್ತೆಸೆದ. ಬೆಳಕು ಹರಿಯುವುದಕ್ಕೆ ಎಷ್ಟೋ ಮುಂಚೆ ಲಾಂದ್ರ ಹಚ್ಚತೊಡಗಿದ. ಜ್ವರದಲ್ಲಿರೋವನ್ನ ಎಬ್ಬಿಸ್ತಾವ್ನೆ ಎಂದು ಬೋರಮ್ಮ ಅತ್ತಳು.

ಮೊದಲು ಎದ್ದದ್ದು ಹುಂಜ. ಅದರ ಕೂಗಿಗೆ ಊರೇ ಎದ್ದಿತು. ಹೆಂಗಸರು ಕತ್ತಲಲ್ಲಿ ತಮ್ಮದಲ್ಲದ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. ಕೂಲಿಯವರು ಬದು ಕಾಣದೆ ಪಕ್ಕದವರ ಹುರುಳಿ ಕಿತ್ತು ತಂದು ಪಟೇಲನ ಕಣಕ್ಕೆ ಹಾಕಿದರು. ಪಟೇಲ ಕೊರೆಯುವ ನೀರಲ್ಲಿ ಮಿಂದು, ಬಾರದ ಸೂರ್ಯನಿಗೆ ಕೈಮುಗಿದು ಕಾದು ನೆಗಡಿ ಹಿಡಿಸಿಕೊಂಡ. ಉದ್ದವಾದ ದಿನಕ್ಕೆ ಇನ್ನೊಂದು ಊಟ ಬೇಕಾಯಿತು. ಉಂಡು, ನಡುಹಗಲಲ್ಲೇ ಊರೆಲ್ಲ ಗೊರಕೆ. ದಿನಾ ಮೋಸಹೋದರು. ಆದರೂ ಹುಂಜ ಕೂಗಿದ ಮೇಲೆ ಮಲಗಿದ್ದರೆ ದರಿದ್ರವಂತೆ, ದಿನಾ ಎದ್ದರು.

ಸಂಕ್ರಾಂತಿಯ ಹಿಂದಿನ ದಿನ ಅದೇ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿತು.

“ಸರ್ಕಾರದ ಅಪ್ಪಣೆ ಇಲ್ದೆ ಹಗಲು ಉದ್ದ ಮಾಡಕ್ಕೆ ನೀನ್ಯಾರ್ಲಾ?” ಎಂದ ಪಟೇಲ, ಸೀನುತ್ತ.

ಚೆಲುವಯ್ಯ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ಬುಟ್ಟಿ ತುಂಬ ಬಿಳಿ ಮೊಟ್ಟೆ.

ಯಾರೂ ನಗಲಿಲ್ಲ. ಪಟೇಲ ಬುಟ್ಟಿ ನೋಡಿದ, ಜನರನ್ನು ನೋಡಿದ. ಆಮೇಲೆ ದನಿ ಇಳಿಸಿದ.

“ಅದೇನಂದ್ರೆ, ನಿನ್ ಹುಳದ ಮನೆ ಗೋಡೆ ಬಿರುಕಿಂದ ನಮ್ ಕೋಳಿಗೂಡಿಗೂ ಒಸಿ ಬೆಳಕು ಬೀಳ್ತೈತೆ. ಬಿರುಕಿನ ಮುಂದೆ ಕೂರೋ ಹ್ಯಾಟೆಕೋಳಿ ಒಂದೇ ಇಕ್ತಾ ಐತೆ, ಮಿಕ್ಕವು ಇಲ್ಲ. ಲಾಂದ್ರಾನ ಒಸಿ ಈ ಕಡೀಕ್ ತಿರುಗಿಸ್ತೀರಾ, ಚೆಲುವಯ್ಯನೋರೇ?”

ಕಾವಿಗೆ ಕೂರಿಸುವ ಹೊತ್ತಾಗಿತ್ತು. ಚೆಲುವಯ್ಯ ಮೊಟ್ಟೆಗಳ ಮೇಲೆ ಬಟ್ಟೆ ಹೊದಿಸಿ, ಬುಟ್ಟಿ ಎತ್ತಿಕೊಂಡು ಮನೆ ಕಡೆ ನಡೆದ.